ಮನೆಯ ಮರಗೆಲಸದ ಕೋಣೆಯಲ್ಲಿ ಧೂಳು ಹಿಡಿಯುವುದು ಹೇಗೆ?

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಕಾಲಿಟ್ಟರೆ ಸಾಕು, ಸೀನು ಬರುತ್ತದೆ. ಘಾಟು ಮೂಗಿಗೆ ಬಡಿದು ಎಚ್ಚರಿಸುತ್ತದೆ. ಮರದ ಧೂಳು ಹಾಗಲ್ಲ. ಸಾಗವಾನಿ ಉಜ್ಜುವಾಗ ಘಮ ಅಂತ ವಾಸನೆ ಬರುತ್ತದೆ, ನಾವು ಇನ್ನೂ ಹತ್ತಿರ ಬಗ್ಗುತ್ತೇವೆ. ಹಾವೇರಿಯ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಕೆಲಸ ಕಲಿಯಲು ಶುರು ಮಾಡಿದಾಗ ನಾನೂ ಹಾಗೇ ಮಾಡುತ್ತಿದ್ದೆ. ಮನೆಯಲ್ಲೇ ಕಲಿಯುವ ಗೆಳೆಯರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಗರಗಸದ ಹೊಟ್ಟು, ರಂದಾದ ಸಿಪ್ಪೆ ಕಣ್ಣಿಗೆ ಕಾಣುತ್ತವೆ, ನೆಲಕ್ಕೆ ಬೀಳುತ್ತವೆ. ಅವುಗಳ ಚಿಂತೆ ಜಾಸ್ತಿ ಬೇಡ. ತೊಂದರೆ ಇರುವುದು ಸ್ಯಾಂಡಿಂಗ್ ಧೂಳಿನಲ್ಲಿ, ಅಂದರೆ ಮರಳು ಕಾಗದದಿಂದ ಮರ ಉಜ್ಜಿದಾಗ ಏಳುವ ಧೂಳಿನಲ್ಲಿ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಸಣ್ಣ ಕಣ ಗಂಟಲು ದಾಟಿ ಒಳಗೆ ಹೋಗಬಲ್ಲದು. 4 ಮೈಕ್ರಾನ್‌ಗಿಂತ ಸಣ್ಣದಾದರೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು, ಸೈನಸ್‌ಗಳ ಕ್ಯಾನ್ಸರ್.

ನನಗೆ ಕಣ್ಣು ತೆರೆಸಿದ್ದು ಇನ್ನೊಂದು ಲೆಕ್ಕ. ಅಲುಗದ ಗಾಳಿಯಲ್ಲಿ 10 ಮೈಕ್ರಾನ್ ಕಣ ತಲೆಯೆತ್ತರದಿಂದ ನೆಲಕ್ಕೆ ಬರಲು 10 ನಿಮಿಷ ಸಾಕು. 1 ಮೈಕ್ರಾನ್ ಕಣಕ್ಕೆ ಸುಮಾರು ಅರ್ಧ ದಿನ ಬೇಕು! ಮಷಿನ್ ಆಫ್ ಮಾಡಿದ ಕೂಡಲೇ ಮಾಸ್ಕ್ ತೆಗೆದು ಚಹಾ ಕುಡಿಯಲು ಕೂರುತ್ತೇವೆ, ಅಲ್ವಾ? ಆಗಲೂ ನಾವು ಅದೇ ಧೂಳನ್ನು ಉಸಿರಾಡುತ್ತಿರುತ್ತೇವೆ. ರಾತ್ರಿ ದೀಪ ಆರಿಸಿ, ಟಾರ್ಚ್ ಬೆಳಕನ್ನು ಅಡ್ಡಕ್ಕೆ ಬಿಟ್ಟು ನೋಡಿ. ಖಾಲಿ ಅಂದುಕೊಂಡ ಗಾಳಿಯಲ್ಲಿ ಮಂಜಿನ ಹಾಗೆ ಧೂಳು ತೇಲುತ್ತಿರುತ್ತದೆ.

ಹಾಗಾಗಿ ಧೂಳು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಆರ್ಬಿಟಲ್ ಸ್ಯಾಂಡರ್, ಅಂದರೆ ಮರಳು ಕಾಗದ ಅಂಟಿಸಿ ಮರ ಉಜ್ಜುವ ಮಷಿನ್‌ನ ತಳದಲ್ಲಿ ತೂತುಗಳಿರುತ್ತವೆ, ಪೇಪರ್‌ನಲ್ಲೂ ಇರುತ್ತವೆ. ಆ ತೂತುಗಳ ಮೂಲಕವೇ ಪೈಪ್‌ನಿಂದ ಜೋಡಿಸಿದ ವ್ಯಾಕ್ಯೂಮ್ ಕ್ಲೀನರ್ ಧೂಳನ್ನು ಎಳೆದುಕೊಳ್ಳುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಬೆರಳಿನಷ್ಟು ಪಕ್ಕಕ್ಕೆ ಅಂಟಿಸಿದರೂ ಧೂಳು ಹೊರಗೇ ಹಾರುತ್ತದೆ. ನಾನು ಎಷ್ಟೋ ದಿನ ಸುಮ್ನೆ ಹೇಗೆ ಬೇಕೋ ಹಾಗೆ ಅಂಟಿಸಿ, ವ್ಯಾಕ್ಯೂಮ್‌ನಲ್ಲೇ ದೋಷ ಹುಡುಕುತ್ತಿದ್ದೆ. ವ್ಯಾಕ್ಯೂಮ್‌ಗೂ ಸ್ಯಾಂಡರ್‌ಗೂ ನಡುವೆ ಮುಚ್ಚಳ ಬಿಗಿಯಾದ ಪೇಂಟ್ ಬಕೆಟ್ ಮೇಲೆ ಸೈಕ್ಲೋನ್ ಅನ್ನುವ, ಧೂಳು ಬೇರ್ಪಡಿಸುವ ಆಲಿಕೆಯಾಕಾರದ ಡಬ್ಬಿ ಕೂರಿಸಿ. ಗಾಳಿ ಅದರೊಳಗೆ ಗಿರಗಿರನೆ ಸುತ್ತುವಾಗ ಭಾರದ ಹೊಟ್ಟು ಬಕೆಟ್‌ಗೆ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ವ್ಯಾಕ್ಯೂಮ್‌ಗೆ ಹೆಪಾ ಫಿಲ್ಟರ್ ಇದ್ದರೆ ಒಳ್ಳೆಯದು. ಅದು 0.3 ಮೈಕ್ರಾನ್ ಕಣದಲ್ಲಿ ಶೇ 99.97ರಷ್ಟು ಹಿಡಿಯುತ್ತದೆ. ಬರೀ ಬಟ್ಟೆ ಚೀಲ ಬೇಡ. ಅದು ದಪ್ಪ ಹೊಟ್ಟನ್ನು ಉಳಿಸಿಕೊಂಡು ಸಣ್ಣ ಧೂಳನ್ನು ಮತ್ತೆ ಕೋಣೆಗೇ ಊದುತ್ತದೆ.

ಉಳಿದ ಧೂಳಿಗೆ ಎಕ್ಸಾಸ್ಟ್ ಫ್ಯಾನ್. ನಮ್ಮ ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಅಂದರೆ 1200 ಘನ ಅಡಿ. ಗಂಟೆಗೆ 8 ಸಲ ಗಾಳಿ ಬದಲಾಗಬೇಕಾದರೆ 9600 ಘನ ಅಡಿ, ಅಂದರೆ ಸುಮಾರು 272 ಘನ ಮೀಟರ್. ಫ್ಯಾನ್ ಡಬ್ಬಿಯ ಮೇಲೆ ಏರ್ ಡೆಲಿವರಿ ಅಂತ ಬರೆದಿರುತ್ತದೆ, ಅದಕ್ಕೆ ಹೋಲಿಸಿ. ಜಾಲರಿಗೆ ಧೂಳು ಕಟ್ಟಿದ ಮೇಲೆ ಗಾಳಿ ಕಡಿಮೆಯಾಗುತ್ತದೆ, ಅದಕ್ಕೇ ಎರಡು ಪಟ್ಟು ಇರುವುದನ್ನು ತಗೊಳ್ಳಿ. ಎದುರು ಗೋಡೆಯ ಕಿಟಕಿ ತೆರೆದಿರಲಿ. ಒಳಗೆ ಬರಲು ದಾರಿ ಇಲ್ಲದಿದ್ದರೆ ಗಾಳಿ ಹೊರಗೂ ಹೋಗುವುದಿಲ್ಲ.

ನಾನು ಮೊದಲು ಫ್ಯಾನ್ ಹಾಕಿದ್ದು ಪಡುವಣ ಗೋಡೆಗೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮುಂಗಾರು ಗಾಳಿ ಪಶ್ಚಿಮದಿಂದ ಬೀಸತೊಡಗಿದಾಗ ಧೂಳು ತಿರುಗಿ ನನ್ನ ಮುಖಕ್ಕೇ ಬಂತು. ಈಗ ಫ್ಯಾನ್ ಮೂಡಣ ಗೋಡೆಯಲ್ಲಿದೆ. ಆ ಕಡೆ ಪಕ್ಕದ ಮನೆಯ ಅಜ್ಜಿ ಶಾವಿಗೆ ಒಣಗಿಸುತ್ತಾರೆ. ಅವರ ಶಾವಿಗೆ ಬಿಸಿಲಲ್ಲಿರುವ ದಿನ ನಾನು ಸ್ಯಾಂಡರ್ ಮುಟ್ಟುವುದಿಲ್ಲ, ಉಳಿ ಹಿಡಿಯುತ್ತೇನೆ.

ಮಾಸ್ಕ್ ಎನ್95 ಇರಲಿ, ಎರಡೂ ಪಟ್ಟಿ ತಲೆಯ ಹಿಂದೆ ಬರಲಿ. ಟವೆಲ್ ಸಾಲದು. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ಸೋರುತ್ತದೆ. ಪಾಲಿಶ್, ಥಿನ್ನರ್ ಆವಿಯನ್ನು ಈ ಮಾಸ್ಕ್ ತಡೆಯುವುದಿಲ್ಲ.

ಕೆಲಸ ಮುಗಿದ ಮೇಲೂ ಒಂದು ಗಂಟೆ ಫ್ಯಾನ್ ಓಡಲಿ. ಒಣ ಕಸಬರಿಗೆ ಹಿಡಿದರೆ ಕೂತ ಧೂಳು ಮತ್ತೆ ಏಳುತ್ತದೆ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಫಿಲ್ಟರನ್ನು ಕೋಣೆಯೊಳಗೆ ಕೊಡವಬೇಡಿ. ಹಿತ್ತಲಿಗೆ ಒಯ್ದು, ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು ಮೆಲ್ಲಗೆ ತಟ್ಟಿ.