ಒಂದೇ ಪೆಟ್ಟಿಗೆ, ಎರಡು ಸಂಸಾರ

ಕಳೆದ ತಿಂಗಳು ನಾನು ನೋಡಲು ಹೋಗಿದ್ದ ಮನೆಯಲ್ಲಿ ಟಿವಿಯ ಎರಡೂ ಪಕ್ಕ ಎದೆಯೆತ್ತರದ ಟವರ್ ಸ್ಪೀಕರ್‌ಗಳು ನಿಂತಿದ್ದವು. ಒಂದೊಂದರ ಹೊಟ್ಟೆಯಲ್ಲೂ ಸ್ವಂತ ಆಂಪ್ಲಿಫೈಯರ್ ಸಮೇತ ಒಂದು ಸಬ್‌ವೂಫರ್, ಅಂದರೆ ಗುಡುಗಿನಂಥ ತಗ್ಗಿನ ಸದ್ದನ್ನು (ಬೇಸ್) ಮಾತ್ರ ನುಡಿಸುವ ಸ್ಪೀಕರ್. ಯಜಮಾನರ ದೂರು ಚಿಕ್ಕದು: "ಸಿನಿಮಾ ಹಾಕಿದರೆ ಹಿಂದಿನ ಬಾಗಿಲು ಗಡಗಡ ಎನ್ನುತ್ತದೆ. ಸೋಫಾದಲ್ಲಿ ಕುಳಿತ ನನಗೆ ಮಾತ್ರ ಗುಡುಗೂ ಇಲ್ಲ, ಸಿಡಿಲೂ ಇಲ್ಲ. ಸ್ಪೀಕರ್ ಕೆಟ್ಟಿದೆಯೇನೋ ನೋಡಿ."

ಸ್ಪೀಕರ್ ಕೆಟ್ಟಿರಲಿಲ್ಲ. ಕೆಟ್ಟದ್ದು ರಿಸೀವರ್‌ನ (ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಮೆನು ಮತ್ತು ಸೋಫಾದ ಜಾಗ. ಈ ಬಗೆಯ ಸ್ಪೀಕರ್ ಇರುವ ಮನೆಗಳಲ್ಲಿ ನನಗೆ ಎದುರಾಗುವ ಹತ್ತು ದೂರುಗಳಲ್ಲಿ ಎಂಟು ಇವೆರಡರಲ್ಲೇ ಮುಗಿಯುತ್ತವೆ.

ಮೊದಲು ಮೆನುವಿನ ಮಾತು. ಹೊರಗಿನಿಂದ ಇದು ಒಂದೇ ಸ್ಪೀಕರ್. ಒಳಗೆ ಎರಡು ಸಂಸಾರ. ಮಾತು, ಹಾಡು, ಪಿಟೀಲುಗಳನ್ನು ನುಡಿಸುವ ಮೇಲ್ಭಾಗಕ್ಕೆ ಶಕ್ತಿ ಬರುವುದು ರಿಸೀವರ್‌ನಿಂದ. ಕೆಳಭಾಗದ ಸಬ್‌ವೂಫರ್‌ಗೆ ಗೋಡೆಯ ಪ್ಲಗ್‌ನಿಂದ. ಆ ಸಬ್‌ವೂಫರ್‌ಗೆ ಸಿಗ್ನಲ್ ತಲುಪಲು ಬಹುತೇಕ ಮಾದರಿಗಳಲ್ಲಿ ಎರಡು ದಾರಿಗಳಿವೆ: ಸಾಮಾನ್ಯ ಸ್ಪೀಕರ್ ತಂತಿಯ ಮೂಲಕ, ಇಲ್ಲವೇ ರಿಸೀವರ್‌ನ ಸಬ್‌ವೂಫರ್ ಔಟ್‌ನಿಂದ ಬರುವ ಆರ್‌ಸಿಎ ಕೇಬಲ್ ಮೂಲಕ. ಯಜಮಾನರು ಎರಡನ್ನೂ ಜೋಡಿಸಿ, ಮುಂಭಾಗದ ಸ್ಪೀಕರ್‌ಗಳನ್ನು ‘ಲಾರ್ಜ್’ (ಬೇಸ್ ಸಮೇತ ಎಲ್ಲವನ್ನೂ ನುಡಿಸುವವು) ಎಂದು ಗುರುತಿಸಿ, ಅದರ ಮೇಲೆ ಅದೇ ಬೇಸನ್ನು ಸಬ್‌ವೂಫರ್ ಔಟ್‌ಗೂ ಕಳಿಸುವ ‘ಎಲ್‌ಎಫ್‌ಇ + ಮೇನ್’ ಎಂಬ ಆಯ್ಕೆಯನ್ನೂ ಒತ್ತಿದ್ದರು. ಪರಿಣಾಮವಾಗಿ ಒಂದೇ ಬೇಸ್ ಎರಡು ದಾರಿಗಳಲ್ಲಿ ಬಂದು ಒಂದೇ ಕೋನ್‌ಗೆ (ಅದುರಿ ಸದ್ದು ಮಾಡುವ ಭಾಗ) ಬಡಿಯುತ್ತಿತ್ತು. ಗುಡುಗು ಕೇಳಿಸಲಿಲ್ಲವೆಂದು ಬೇಸ್‌ನ ಮಟ್ಟ ಏರಿಸುವ ಹಿಂಬದಿಯ ಗುಬ್ಬಿಯನ್ನು (ನಾಬ್) ಬೇರೆ ಮುಕ್ಕಾಲು ಪಾಲು ತಿರುಗಿಸಿಟ್ಟಿದ್ದರು. ಬಾಗಿಲು ಅಳದೆ ಇನ್ನೇನು ಮಾಡೀತು?

ಒಂದು ದಾರಿಯನ್ನು ಆರಿಸಿಕೊಳ್ಳಬೇಕು. ಸ್ಪೀಕರ್ ತಂತಿ ಮಾತ್ರ ಸಾಕು ಎನ್ನುವವರು ಆರ್‌ಸಿಎ ಕೇಬಲ್ ಕಿತ್ತು, ಮುಂಭಾಗ ‘ಲಾರ್ಜ್’, ಸಬ್‌ವೂಫರ್ ‘ಇಲ್ಲ’ ಎಂದು ಗುರುತಿಸಬೇಕು. ಆಗ ಸಿನಿಮಾದ .1 ಚಾನೆಲ್‌ನ (ಬೇಸ್‌ಗೆಂದೇ ಮೀಸಲಾದ ಎಲ್‌ಎಫ್‌ಇ ಚಾನೆಲ್) ಸದ್ದನ್ನೂ ‘ಸ್ಮಾಲ್’ (ಬೇಸ್ ನುಡಿಸದವು) ಎಂದು ಗುರುತಿಸಿದ ಉಳಿದ ಸ್ಪೀಕರ್‌ಗಳ ಬೇಸನ್ನೂ ರಿಸೀವರ್ ಈ ಟವರ್‌ಗಳಿಗೇ ತಿರುಗಿಸುತ್ತದೆ. ಮೇಲ್ಭಾಗ ಮತ್ತು ಕೆಳಭಾಗದ ಹೊಲಿಗೆಯನ್ನು ತಯಾರಕರೇ ಹಾಕಿರುತ್ತಾರೆ. ಸಂಗೀತ ಕೇಳುವವರಿಗೆ ಇದಕ್ಕಿಂತ ನಯವಾದ ಜೋಡಣೆ ಸುಲಭಕ್ಕೆ ಸಿಗದು. ಪ್ರತ್ಯೇಕ ಸಬ್‌ವೂಫರ್ ತಂದು, ಎರಡರ ಅಲೆಗಳನ್ನು ಹೊಂದಿಸುವ ಫೇಸ್ ಗುಬ್ಬಿ ತಿರುಗಿಸುತ್ತಾ ತಿಂಗಳುಗಟ್ಟಲೆ ಕೂರುವ ಕಷ್ಟವಿಲ್ಲ. ಆದರೆ ಬೇಸ್‌ನ ಮಟ್ಟವನ್ನು ರಿಸೀವರ್‌ನಿಂದ ಪ್ರತ್ಯೇಕವಾಗಿ ಏರಿಸಲು ಇಳಿಸಲು ಬರುವುದಿಲ್ಲ. ಟಾರ್ಚ್ ಹಿಡಿದು ಪೆಟ್ಟಿಗೆಯ ಹಿಂದೆ ತೂರಿ, ಎರಡೂ ಗುಬ್ಬಿಗಳನ್ನು ಸಮಕ್ಕೆ ನಿಲ್ಲಿಸಬೇಕು.

ಇನ್ನೊಂದು ತೊಡಕನ್ನು ಮಾರುವವರು ಹೇಳುವುದಿಲ್ಲ. ‘ಸಬ್‌ವೂಫರ್‌ಗೆ ತನ್ನದೇ ಆಂಪ್ಲಿಫೈಯರ್ ಇರುವುದರಿಂದ ರಿಸೀವರ್‌ಗೆ ಪೂರಾ ವಿಶ್ರಾಂತಿ’ ಎಂಬ ಮಾತು ಅರ್ಧ ನಿಜ. ಸ್ಪೀಕರ್ ತಂತಿಯ ದಾರಿಯಲ್ಲಿ ರಿಸೀವರ್ ಬೇಸ್‌ಗಾಗಿ ಹೆಚ್ಚು ಕರೆಂಟ್ ಕೊಡಬೇಕಿಲ್ಲ, ನಿಜ. ಆದರೆ ಆ ಸಿಗ್ನಲ್‌ನ ವೋಲ್ಟೇಜನ್ನು ಅದೇ ಏರಿಸಿ ಕೊಡಬೇಕು. ಸಿನಿಮಾದ .1 ಚಾನೆಲ್ ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಮೇಲೆ ನುಡಿಯುತ್ತದೆ. ಎಂದರೆ ವೋಲ್ಟೇಜ್ ಮೂರು ಪಟ್ಟಿಗೂ ಹೆಚ್ಚು. ದೊಡ್ಡ ಸ್ಫೋಟದ ದೃಶ್ಯದಲ್ಲಿ ರಿಸೀವರ್ ಮೇಲ್ಮಿತಿಗೆ ಡಿಕ್ಕಿ ಹೊಡೆದರೆ ಬೇಸ್ ಜೊತೆಗೆ ಮಾತೂ ಒಡೆಯುತ್ತದೆ.

ಅದಕ್ಕೇ ಸಿನಿಮಾವೇ ಮುಖ್ಯ ಎನ್ನುವವರಿಗೆ ನಾನು ಆರ್‌ಸಿಎ ದಾರಿಯನ್ನು ಹೇಳುತ್ತೇನೆ. ಸಬ್‌ವೂಫರ್ ಔಟ್‌ಗೆ ಒಂದು ಕವಲು ಕೇಬಲ್ ಹಾಕಿ ಎರಡೂ ಟವರ್‌ಗಳ ಎಲ್‌ಎಫ್‌ಇ ಕಿಂಡಿಗೆ ಕೊಡಿ. ಮುಂಭಾಗ ‘ಸ್ಮಾಲ್’, ಸಬ್‌ವೂಫರ್ ‘ಇದೆ’, ಕ್ರಾಸ್‌ಓವರ್ (ಬೇಸ್ ಬೇರೆಯಾಗುವ ಗಡಿ) 80 ಹರ್ಟ್ಸ್. ಇದು ಸಿನಿಮಾ ಸದ್ದಿನ ಗುಣಮಟ್ಟ ನಿಗದಿಪಡಿಸುವ ಟಿಎಚ್‌ಎಕ್ಸ್ ಸಂಸ್ಥೆ ಸೂಚಿಸುವ ಅಂಕಿ. ಶುರು ಮಾಡಲು ಒಳ್ಳೆಯ ಜಾಗ. ಈಗ 80ರ ಕೆಳಗಿನದು ಕೇಬಲ್‌ನಲ್ಲಿ, ಮೇಲಿನದು ಸ್ಪೀಕರ್ ತಂತಿಯಲ್ಲಿ. ಒಂದರ ಮೇಲೊಂದು ಬೀಳುವುದಿಲ್ಲ. ಮಟ್ಟ, ದೂರ ಎರಡನ್ನೂ ರಿಸೀವರ್ ಪ್ರತ್ಯೇಕವಾಗಿ ಹೊಂದಿಸುತ್ತದೆ. ಕೆಲವು ಮಾದರಿಗಳಲ್ಲಿ ಮಾತ್ರ ಎಲ್‌ಎಫ್‌ಇ ಕಿಂಡಿಗೆ ಕೇಬಲ್ ತೂರಿಸಿದರೆ ಸ್ಪೀಕರ್ ತಂತಿಯಿಂದ ಸಬ್‌ವೂಫರ್‌ಗೆ ಹೋಗುವ ದಾರಿ ತಾನೇ ಮುಚ್ಚುತ್ತದೆ. ಕೈಪಿಡಿಯ ಆ ಒಂದು ಪುಟವನ್ನಾದರೂ ಓದಿ.

ಇನ್ನು ಸೋಫಾ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್‌ಗೂ ಹೆಚ್ಚು; ಅದು ಬಹುತೇಕ ಕೋಣೆಗಳಲ್ಲಿ ಮಲಗಲೂ ಹಿಡಿಯದು. ಎದುರುಬದುರು ಗೋಡೆಗಳಿಗೆ ಬಡಿದು ತಿರುಗಿ ಬರುವ ಅಲೆಗಳು ಸೇರಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ ಮಾಡುತ್ತವೆ. ಆ ಕೋಣೆಯ ಉದ್ದ 4.6 ಮೀಟರ್. 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 37 ಹರ್ಟ್ಸ್. ಸಿನಿಮಾದ ಗುಡುಗು, ಸ್ಫೋಟಗಳ ಬಹುಪಾಲು ವಾಸ ಆ ಆಸುಪಾಸಿನಲ್ಲೇ. ಆ ಅಲೆಯ ಗುಡ್ಡ ಗೋಡೆಗಳ ಬಳಿ, ಹಳ್ಳ ಕೋಣೆಯ ನಟ್ಟನಡುವೆ. ಸೋಫಾ ಇದ್ದದ್ದೂ ನಟ್ಟನಡುವೆ; ಅಳುತ್ತಿದ್ದ ಬಾಗಿಲು ಹಿಂದಿನ ಗೋಡೆಯಲ್ಲಿ.

ಅಳತೆಯ ಮೈಕನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಲ್ಯಾಪ್‌ಟಾಪ್‌ನಲ್ಲಿ ‘ರೂಮ್ ಇಕ್ಯೂ ವಿಜರ್ಡ್’ ತೆರೆದೆ. ಉಚಿತವಾಗಿ ಸಿಗುವ ತಂತ್ರಾಂಶ, ನನ್ನ ಅರ್ಧ ಅನ್ನ ಅದರದ್ದೇ. ಕೆಳಗಿನಿಂದ ಮೇಲಕ್ಕೆ ಏರುವ ಪರೀಕ್ಷಾ ಸ್ವರ ಓಡಿ ಮುಗಿದಾಗ ಗೆರೆ ಮೂವತ್ತೇಳರ ಬಳಿ ಬಾವಿಗೆ ಬಿದ್ದಂತೆ ಕುಸಿದಿತ್ತು. ಯಜಮಾನರು "ಇದನ್ನು ಈಕ್ವಲೈಜರ್‌ನಿಂದ ಎತ್ತಬಹುದಲ್ಲ?" ಎಂದರು. ಬಾವಿಗೆ ಮಣ್ಣು ಸುರಿದಷ್ಟೂ ಅದು ಕುಡಿಯುತ್ತದೆ. ಆಂಪ್ಲಿಫೈಯರ್ ದಣಿಯುತ್ತದೆ, ಬಾಗಿಲು ಇನ್ನಷ್ಟು ಅಳುತ್ತದೆ. ಇಬ್ಬರೂ ಸೇರಿ ಸೋಫಾವನ್ನು 70 ಸೆಂಟಿಮೀಟರ್ ಹಿಂದಕ್ಕೆ ತಳ್ಳಿದೆವು. ಮತ್ತೆ ಅಳೆದಾಗ ಬಾವಿ ತಗ್ಗಾಗಿತ್ತು.

ಬಿಡಿ ಸಬ್‌ವೂಫರ್ ಆಗಿದ್ದರೆ ಸೋಫಾ ತಳ್ಳುವ ಮೊದಲು ಅದನ್ನೇ ಪಕ್ಕದ ಗೋಡೆಯ ನಡುವಿಗೋ ಹಿಂದಕ್ಕೋ ಒಯ್ದು ನೋಡುತ್ತಿದ್ದೆ. ಟವರ್ ಹಾಗಲ್ಲ. ಅದು ನಿಲ್ಲುವ ಜಾಗವನ್ನು ನಿರ್ಧರಿಸುವುದು ಪರದೆಯ ಎರಡು ಅಂಚು. ಕಟ್ಟಿಹಾಕಿದಂತೆ ಬೇಸ್ ಕೂಡ ಅಲ್ಲೇ ನಿಲ್ಲಬೇಕು. ಈ ಸ್ಪೀಕರ್‌ಗಳ ನಿಜವಾದ ಬೆಲೆ ನನ್ನ ಪ್ರಕಾರ ಇದು. ಎಡಬಲ ಸಮನಾಗಿ ನಿಂತ ಎರಡು ಬೇಸ್ ಮೂಲಗಳು ಕೋಣೆಯ ಅಗಲದಲ್ಲಿ ಏಳುವ ಮೊದಲ ಅಲೆಯನ್ನು ಹತ್ತಿಕ್ಕುತ್ತವೆ, ಅದು ದೊಡ್ಡ ಲಾಭ. ಉದ್ದದ ಅಲೆಗೆ ಅವುಗಳಿಂದ ಉಪಕಾರವಿಲ್ಲ. ಸ್ಪೀಕರ್ ತಯಾರಿಸುವ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಸಬ್‌ವೂಫರ್‌ಗಳ ಸಂಖ್ಯೆ ಮತ್ತು ಜಾಗದ ಬಗ್ಗೆ ಮಂಡಿಸಿದ ಅಧ್ಯಯನದಲ್ಲಿ, ಎರಡೇ ಇದ್ದರೆ ಎದುರುಬದುರು ಗೋಡೆಗಳ ನಡುಬಿಂದುಗಳು ಒಳ್ಳೆಯ ಜಾಗಗಳೆಂದು ಕಂಡುಬಂದಿತ್ತು. ಟವರ್‌ಗಳನ್ನು ಹಾಗೆ ನಿಲ್ಲಿಸಿ ಸಿನಿಮಾ ನೋಡುವವರು ಯಾರು?

ಪೆಟ್ಟಿಗೆಯ ಗಾತ್ರಕ್ಕೂ ಮಿತಿಯಿದೆ. ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗೆ, ಅಂದರೆ 40ರಿಂದ 20 ಹರ್ಟ್ಸ್‌ಗೆ ಇಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿಯನ್ನು ನೂಕಬೇಕು. ತೆಳ್ಳನೆಯ ಟವರ್‌ನಲ್ಲಿ ಕೂತ ಎಂಟಂಗುಲದ ಕೋನ್‌ನಿಂದ ವಿಶಾಲ ಹಜಾರದಲ್ಲಿ ಅದನ್ನು ಕೇಳುವುದು ಅನ್ಯಾಯ. ಸಾಧಾರಣ ಕೋಣೆಯಲ್ಲಿ, ಸಂಗೀತ ಹೆಚ್ಚು ಸಿನಿಮಾ ಕಡಿಮೆ ಎನ್ನುವವರಿಗೆ ನಾನು ಇವನ್ನು ಕಣ್ಣುಮುಚ್ಚಿ ಒಪ್ಪುತ್ತೇನೆ. ದೊಡ್ಡ ಕೋಣೆಯ ಸಿನಿಮಾಪ್ರಿಯರು ಅದೇ ಹಣದಲ್ಲಿ ಸಾದಾ ಸ್ಪೀಕರ್‌ಗಳ ಜೊತೆ ಎರಡು ಬಿಡಿ ಸಬ್‌ವೂಫರ್ ಕೊಳ್ಳಲಿ.

ಇಟ್ಟುಕೊಂಡವರಿಗೆ ಒಂದು ಕಿವಿಮಾತು: ಇಂಥ ಸ್ಪೀಕರ್‌ನಲ್ಲಿ ಮೊದಲು ಮುದಿಯಾಗುವುದು ಹಿಂಬದಿಯ ಆಂಪ್ಲಿಫೈಯರ್ ಹಲಗೆ, ಕೋನ್ ಅಲ್ಲ. ಅದು ಸತ್ತರೂ ಮೇಲ್ಭಾಗ ಹಾಡುತ್ತಲೇ ಇರುವುದರಿಂದ ಗೊತ್ತೇ ಆಗುವುದಿಲ್ಲ. ಗುಡಿಸುವಾಗ ಎಡಗಡೆಯ ಪ್ಲಗ್ ಸಡಿಲಾಗಿ, ಒಂಟಿ ಸಬ್‌ವೂಫರ್‌ನಲ್ಲೇ ಆರು ತಿಂಗಳು ಸಿನಿಮಾ ನೋಡಿದ ಮನೆ ನನಗೆ ಗೊತ್ತು. ಆಗಾಗ 50 ಹರ್ಟ್ಸ್‌ನ ಸ್ವರ ಹಾಕಿ, ಎರಡೂ ಕೋನ್‌ಗಳ ಮೇಲೆ ಬೆರಳಿನ ತುದಿಯನ್ನು ಹಗುರವಾಗಿ ಇಟ್ಟು ನೋಡಿ.

ಆ ಮನೆಯಿಂದ ಹೊರಡುವ ಹೊತ್ತಿಗೆ ಗುಬ್ಬಿ ಅರ್ಧಕ್ಕೂ ಕೆಳಗೆ ಇಳಿದಿತ್ತು, ಗುಡುಗು ಸೋಫಾಕ್ಕೆ ಬಂದಿತ್ತು. ಅಷ್ಟರಲ್ಲಿ ಮನೆಯೊಡತಿ ಒಳಗಿನಿಂದ ಬಂದರು. ಸೋಫಾ ಹಿಂದಕ್ಕೆ ಹೋದದ್ದರಿಂದ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಚೌಕಾಶಿಯಾಗಿ 40 ಸೆಂಟಿಮೀಟರ್‌ಗೆ ಒಪ್ಪಂದವಾಯಿತು. ನಾನು ಮತ್ತೆ ಮೈಕ್ ಹೊರತೆಗೆದೆ.