ವಯಸ್ಸು ಕೇಳಿದಲ್ಲಿ ಅಕ್ಷರ ಬರೆದರೆ ಪ್ರೋಗ್ರಾಮ್ ಏನು ಮಾಡಬೇಕು?

ಹೊಸದಾಗಿ ಪೈಥಾನ್ ಕಲಿಯುತ್ತಿರುವವರ ಪ್ರೋಗ್ರಾಮ್ ಪರಿಶೀಲನೆಗೆ ಬಂದಾಗ ನಾನು ಕೋಡ್ ಓದುವುದಕ್ಕೂ ಮೊದಲು ಅದನ್ನು ಓಡಿಸಿ, ವಯಸ್ಸು ಕೇಳಿದ ಕಡೆ ‘ಇಪ್ಪತ್ತು’ ಎಂದು ಅಕ್ಷರದಲ್ಲಿ ಬರೆದು ಎಂಟರ್ ಒತ್ತುತ್ತೇನೆ. ಹೆಚ್ಚಿನವು ಅಲ್ಲಿಗೇ ನಿಂತುಹೋಗಿ, ಕೊನೆಯ ಸಾಲಿನಲ್ಲಿ ‘ವ್ಯಾಲ್ಯೂಎರರ್’ ಎಂಬ ಹೆಸರಿರುವ ದೋಷವರದಿ, ಅಂದರೆ ಟ್ರೇಸ್‌ಬ್ಯಾಕ್ ತೋರಿಸುತ್ತವೆ. ಪೈಥಾನ್ 3ರಲ್ಲಿ ‘ಇನ್‌ಪುಟ್’ ಫಂಕ್ಷನ್ ಕೊಡುವುದು ಯಾವಾಗಲೂ ಸ್ಟ್ರಿಂಗನ್ನೇ, ಅಂದರೆ ಅಕ್ಷರಗಳ ಸಾಲನ್ನೇ. ಅದನ್ನು ಪೂರ್ಣಾಂಕವಾಗಿ ಬದಲಿಸುವ ಕೆಲಸ ‘ಇಂಟ್’ನದು, ಬದಲಿಸಲಾಗದಿದ್ದರೆ ಅದು ಈ ಎಕ್ಸೆಪ್ಶನ್ (ಹಿಡಿಯದಿದ್ದರೆ ಪ್ರೋಗ್ರಾಮನ್ನು ನಿಲ್ಲಿಸುವ ದೋಷಸೂಚನೆ) ಎಬ್ಬಿಸುತ್ತದೆ.

ಇದಕ್ಕೆ ಕಲಿಯುವವರು ಸಾಮಾನ್ಯವಾಗಿ ಹುಡುಕಿಕೊಳ್ಳುವ ಮೊದಲ ಪರಿಹಾರವೆಂದರೆ, ಪರಿವರ್ತಿಸುವ ಮುನ್ನ ‘ಈಸ್‌ಡಿಜಿಟ್’ ಎಂಬ ಮೆಥಡ್‌ನಿಂದ ಎಲ್ಲವೂ ಅಂಕಿಗಳೇ ಎಂದು ಪರೀಕ್ಷಿಸುವುದು. ಈ ಕಾವಲುಗಾರ ನಂಬಿಕಸ್ಥನಲ್ಲ. ತಾಪಮಾನ ಕೇಳಿದಾಗ -5 ಎಂದು ಕೊಟ್ಟರೆ ಋಣಚಿಹ್ನೆ ಅಂಕಿಯಲ್ಲವೆಂದು ತಡೆಯುತ್ತದೆ; ಅಂಕಿಗಳ ಹಿಂದೆ ಮುಂದೆ ಒಂದು ಸ್ಪೇಸ್ ಉಳಿದಿದ್ದರೂ ತಡೆಯುತ್ತದೆ, ‘ಇಂಟ್’ ಮಾತ್ರ ಇವೆರಡನ್ನೂ ತಕರಾರಿಲ್ಲದೆ ಒಪ್ಪುತ್ತದೆ. ಅದೇ ವರ್ಗಸೂಚಕವಾದ ಮೇಲಂಕಿ ² ಬಂದರೆ ‘ಈಸ್‌ಡಿಜಿಟ್’ ಹೌದೆಂದು ಒಳಗೆ ಬಿಡುತ್ತದೆ, ‘ಇಂಟ್’ ಎಡವಿ ಬೀಳುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ೨೫ ಎಂದು ಕನ್ನಡ ಅಂಕಿಗಳಲ್ಲಿ ಬರೆದುಕೊಟ್ಟರೂ ‘ಇಂಟ್’ ಅದನ್ನು 25 ಎಂದೇ ಓದುತ್ತದೆ. ಯಾವುದು ಸಂಖ್ಯೆ, ಯಾವುದಲ್ಲ ಎಂಬ ತೀರ್ಮಾನವನ್ನು ಪರಿವರ್ತಿಸುವವನಿಗೇ ಬಿಟ್ಟು, ಅವನು ಆಗದೆಂದಾಗ ಆ ಮಾತನ್ನು ‘ಟ್ರೈ’ (ಪ್ರಯತ್ನಿಸುವ ಸಾಲುಗಳು) ಮತ್ತು ‘ಎಕ್ಸೆಪ್ಟ್’ (ದೋಷ ಎದ್ದಾಗ ಮಾಡುವುದು) ಎಂಬವುಗಳಿಂದ ಹಿಡಿದುಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಹಿಡಿಯುವ ಬಲೆ ಎಷ್ಟು ಅಗಲವಿರಬೇಕು ಎಂಬಲ್ಲಿ ಹೆಚ್ಚಿನ ಎಚ್ಚರ ಬೇಕು. ಸರಿಯಾದ ಉತ್ತರ ಬರುವವರೆಗೆ ಮತ್ತೆ ಮತ್ತೆ ಸುತ್ತುವ ‘ವೈಲ್ ಟ್ರೂ’ ಲೂಪಿನೊಳಗೆ ಪ್ರಶ್ನೆ ಕೇಳಿ, ಯಾವ ಹೆಸರನ್ನೂ ಸೂಚಿಸದ ಬರಿಯ ‘ಎಕ್ಸೆಪ್ಟ್’ ಬರೆದರೆ, ಬಳಕೆದಾರರು ಪ್ರೋಗ್ರಾಮ್ ನಿಲ್ಲಿಸಲು ಒತ್ತಿದ ಕಂಟ್ರೋಲ್-ಸಿ ಕೂಡ ತಪ್ಪು ಉತ್ತರವೆಂದೇ ಪರಿಗಣಿತವಾಗಿ, ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹೊರಬರಲು ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ. ‘ಎಕ್ಸೆಪ್ಟ್ ಎಕ್ಸೆಪ್ಶನ್’ ಎಂದು ಬರೆದರೆ ಕಂಟ್ರೋಲ್-ಸಿಗೆ ದಾರಿ ಸಿಗುತ್ತದೆಯಾದರೂ ಇನ್ನೊಂದು ತೊಡಕು ಉಳಿಯುತ್ತದೆ: ಇನ್‌ಪುಟ್ ಫೈಲ್‌ನಿಂದ ಬರುತ್ತಿದ್ದು ಅದು ಮುಗಿದುಹೋದಾಗ ಏಳುವ ‘ಇಒಎಫ್‌ಎರರ್’ ಸಹ ಈ ಬಲೆಗೆ ಬೀಳುವುದರಿಂದ, ಲೂಪ್ ಕೊನೆಯಿಲ್ಲದೆ ಸುತ್ತುತ್ತದೆ. ಆದ್ದರಿಂದ ‘ಎಕ್ಸೆಪ್ಟ್ ವ್ಯಾಲ್ಯೂಎರರ್’ ಎಂದು ಹೆಸರಿಟ್ಟೇ ಬರೆಯಬೇಕು, ‘ಟ್ರೈ’ ಒಳಗೆ ಪರಿವರ್ತನೆಯ ಸಾಲೊಂದನ್ನೇ ಇಡಬೇಕು. ಲೆಕ್ಕಾಚಾರವನ್ನೂ ಅದರೊಳಗೆ ತುಂಬಿದರೆ, ನಮ್ಮದೇ ಕೋಡಿನಲ್ಲಿ ಎದ್ದ ವ್ಯಾಲ್ಯೂಎರರ್‌ಗೆ ಬಳಕೆದಾರರನ್ನು ದೂರಿದಂತಾಗುತ್ತದೆ.

ಲೂಪಿನ ಬದಲು ಫಂಕ್ಷನ್ ತನ್ನನ್ನು ತಾನೇ ಮತ್ತೆ ಕರೆಯುವಂತೆ ಬರೆಯುವವರೂ ಇದ್ದಾರೆ. ಆ ಕರೆಯ ಮುಂದೆ ‘ರಿಟರ್ನ್’ ಬರೆಯಲು ಮರೆತರೆ ಎರಡನೆಯ ಸಲ ಬಂದ ಸರಿಯಾದ ಉತ್ತರ ಕಳೆದುಹೋಗಿ ‘ಏನೂ ಇಲ್ಲ’ ಎಂಬ ಮೌಲ್ಯವಾದ ‘ನನ್’ ಕೈಗೆ ಬರುತ್ತದೆ. ಈ ಕೆಲಸಕ್ಕೆ ಲೂಪೇ ಸಾಕು.

ಸಂಖ್ಯೆ ಸಿಕ್ಕಿತೆಂದರೆ ಅದು ತಕ್ಕ ಸಂಖ್ಯೆಯೆಂದು ಅರ್ಥವಲ್ಲ. -40 ಪೂರ್ಣಾಂಕ ನಿಜ, ಆದರೆ ಯಾರ ವಯಸ್ಸೂ ಅಲ್ಲ. ವ್ಯಾಪ್ತಿಯ ಈ ಪರೀಕ್ಷೆಯನ್ನು ಪರಿವರ್ತನೆಯ ನಂತರ, ಬೇರೆಯದೇ ‘ಇಫ್’ನಲ್ಲಿ ಮಾಡಬೇಕು. ದಶಮಾಂಶ ಅಂಕಗಳಿಗಾಗಿ ‘ಫ್ಲೋಟ್’ ಬಳಸಿದಾಗ ಇಲ್ಲೊಂದು ಕುತೂಹಲಕರ ಬಿರುಕು ಕಾಣುತ್ತದೆ. ‘ನ್ಯಾನ್’ ಎಂಬ ಇಂಗ್ಲಿಷಿನ ಮೂರಕ್ಷರಗಳನ್ನು ಬರೆದರೆ ‘ಫ್ಲೋಟ್’ ಅದನ್ನು ‘ಸಂಖ್ಯೆಯಲ್ಲ’ ಎಂಬ ವಿಶೇಷ ಮೌಲ್ಯವಾಗಿ ಸ್ವೀಕರಿಸುತ್ತದೆ, ಮತ್ತು ಆ ಮೌಲ್ಯ ಯಾವುದಕ್ಕಿಂತಲೂ ದೊಡ್ಡದಲ್ಲ, ಯಾವುದಕ್ಕಿಂತಲೂ ಚಿಕ್ಕದಲ್ಲ. 0ಕ್ಕಿಂತ ಕಡಿಮೆ ಅಥವಾ 100ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು ಎಂದು ಬರೆದಿದ್ದರೆ ಅದು ಸಲೀಸಾಗಿ ನುಸುಳುತ್ತದೆ. 0ಯಿಂದ 100ರೊಳಗಿದ್ದರೆ ಮಾತ್ರ ಸ್ವೀಕರಿಸು ಎಂದು ತಿರುಗಿಸಿ ಬರೆದರೆ ಹೊರಗೇ ಉಳಿಯುತ್ತದೆ.

ಬಳಕೆದಾರರಿಗೆ ತೋರಿಸುವ ಸಂದೇಶ ಬರಿಯ ‘ತಪ್ಪು’ ಎಂದಿರದೆ, ‘0ಯಿಂದ 120ರೊಳಗಿನ ಪೂರ್ಣಾಂಕವನ್ನು ಅಂಕಿಗಳಲ್ಲಿ ಬರೆಯಿರಿ’ ಎಂದು ಬೇಕಾದುದನ್ನೇ ಹೇಳಲಿ. ಇಷ್ಟನ್ನು ಮಾಡಿದ ಪ್ರೋಗ್ರಾಮಿಗೆ ನಾನು ಎರಡನೆಯ ಸುತ್ತಿನಲ್ಲಿ ಕೊಡುವುದು ಖಾಲಿ ಎಂಟರ್, 12.5, -1, 121, ಆಮೇಲೆ ಕಂಟ್ರೋಲ್-ಸಿ. ಮೊದಲ ನಾಲ್ಕಕ್ಕೂ ಅದು ಮತ್ತೆ ಪ್ರಶ್ನೆ ಕೇಳಬೇಕು, ಐದನೆಯದಕ್ಕೆ ನಿಲ್ಲಬೇಕು.