ಹಚ್ಚಿದ ಮೇಲೆ ವಾಸಿಯಾಯ್ತಲ್ಲ, ಇನ್ನೇನು ಸಂಶೋಧನೆ ಬೇಕು?

ಓದುಗರ ಪ್ರಶ್ನೆ: ನನ್ನ ಮಗನ ಬೆರಳ ಮೇಲೆ ನರಹುಲಿ ಇತ್ತು. ಪರಿಚಯದವರು ಹೇಳಿದ ಒಂದು ಮುಲಾಮು ಎರಡು ತಿಂಗಳು ಹಚ್ಚಿದೆವು. ಪೂರ್ತಿ ಹೋಯಿತು. ಡಾಕ್ಟರನ್ನು ಕೇಳಿದರೆ ‘ಅದರ ಮೇಲೆ ಸರಿಯಾದ ಸಂಶೋಧನೆ ಆಗಿಲ್ಲ’ ಅನ್ನುತ್ತಾರೆ. ಕಣ್ಣೆದುರಿಗೇ ವಾಸಿಯಾಗಿರುವಾಗ ಇನ್ನೇನು ಸಂಶೋಧನೆ ಬೇಕು?

ಉತ್ತರ: ಈ ಪ್ರಶ್ನೆ ಹೊಸದಲ್ಲ. ನರಹುಲಿಯ ಜಾಗದಲ್ಲಿ ಒಮ್ಮೆ ಇಸುಬು, ಒಮ್ಮೆ ಮೊಡವೆ, ಇನ್ನೊಮ್ಮೆ ಕೆಮ್ಮು ಅಥವಾ ಸೊಂಟನೋವು ಇರುತ್ತದೆ, ಅಷ್ಟೇ. ಚುಟುಕಾಗಿ ಉತ್ತರಿಸಿದಾಗಲೆಲ್ಲ ‘ಆದರೂ ವಾಸಿಯಾಯ್ತಲ್ಲ’ ಎಂದು ಮತ್ತೆ ಪತ್ರ ಬರುತ್ತದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ನಿಮ್ಮ ಮಗ ಮುಲಾಮು ಹಚ್ಚಿಕೊಂಡದ್ದು ನಿಜ. ನರಹುಲಿ ಹೋದದ್ದೂ ನಿಜ. ಡಾಕ್ಟರು ಇವೆರಡನ್ನೂ ಅಲ್ಲಗಳೆಯುತ್ತಿಲ್ಲ. ಹಚ್ಚಿದ್ದರಿಂದಲೇ ಹೋಯಿತು ಅನ್ನುವುದು ಮಾತ್ರ ಗೊತ್ತಾಗಿಲ್ಲ ಅನ್ನುತ್ತಿದ್ದಾರೆ. ಹಚ್ಚದೇ ಇದ್ದಿದ್ದರೆ ಏನಾಗುತ್ತಿತ್ತು? ಅದನ್ನು ನೀವು ನೋಡಿಲ್ಲ. ಒಬ್ಬನೇ ಹುಡುಗನಲ್ಲಿ ಒಂದೇ ಸಮಯಕ್ಕೆ ಎರಡನ್ನೂ ನೋಡಲು ಯಾರಿಗೂ ಸಾಧ್ಯವಿಲ್ಲ.

ನರಹುಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಚರ್ಮದ ಮೇಲಿನ ಪದರದಲ್ಲಿ ಕುಳಿತಿರುವುದರಿಂದ ದೇಹದ ರಕ್ಷಣಾ ವ್ಯವಸ್ಥೆಗೆ ಬೇಗ ಕಾಣಿಸುವುದಿಲ್ಲ. ಆದರೆ ಒಂದಲ್ಲ ಒಂದು ದಿನ ಕಾಣಿಸುತ್ತದೆ. ಕಂಡ ಮೇಲೆ ವರ್ಷದಿಂದ ಗಟ್ಟಿಯಾಗಿ ಕೂತಿದ್ದ ನರಹುಲಿ ಕೆಲವೇ ವಾರಗಳಲ್ಲಿ ಉದುರಿಹೋಗಬಹುದು. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದು ವರ್ಷದೊಳಗೆ, ಮೂರರಲ್ಲಿ ಇಬ್ಬರಿಗೆ ಎರಡು ವರ್ಷದೊಳಗೆ ಏನೂ ಮಾಡದೆ ವಾಸಿಯಾಗುತ್ತದೆ. ಈಗ ಯೋಚಿಸಿ, ನಾವು ಮುಲಾಮು ಹುಡುಕಲು ಹೊರಡುವುದು ಯಾವಾಗ? ನರಹುಲಿ ಕಂಡ ಮೊದಲ ದಿನವೇ ಅಲ್ಲ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟಿರುತ್ತೇವೆ. ಒಂದೆರಡು ಬೇರೆ ಉಪಾಯ ಮಾಡಿ ಬೇಸತ್ತಿರುತ್ತೇವೆ. ಅಷ್ಟು ಹೊತ್ತಿಗೆ ನರಹುಲಿ ತಾನಾಗಿ ಹೋಗುವ ಕಾಲವೂ ಹತ್ತಿರ ಬಂದಿರುತ್ತದೆ. ಆಗ ಕೈಯಲ್ಲಿ ಯಾವ ಟ್ಯೂಬ್ ಇತ್ತೋ ಅದಕ್ಕೆ ಹೆಸರು ಬರುತ್ತದೆ. ಅದಕ್ಕಿಂತ ಮೊದಲು ಹಚ್ಚಿದ್ದವು ‘ಕೆಲಸ ಮಾಡಲಿಲ್ಲ’ ಎಂಬ ಪಟ್ಟಿಗೆ ಸೇರುತ್ತವೆ.

ಇದು ಬರೀ ತರ್ಕ ಅಂದುಕೊಳ್ಳಬೇಡಿ. ನರಹುಲಿಯ ವಿಷಯದಲ್ಲಿ ಇದು ನಿಜವಾಗಿಯೂ ನಡೆದಿದೆ. 2002ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ನರಹುಲಿಯ ಮೇಲೆ ಡಕ್ಟ್ ಟೇಪ್ (ರಬ್ಬರ್ ಅಂಟಿರುವ ಗಟ್ಟಿ ಬಟ್ಟೆಯ ಟೇಪು) ಅಂಟಿಸುವುದನ್ನು, ಲಿಕ್ವಿಡ್ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯ ಜೊತೆ ಹೋಲಿಸಿದ್ದರು. ಕೊನೆಯವರೆಗೆ ಉಳಿದವರು 51 ಮಂದಿ. ಟೇಪ್ ಅಂಟಿಸಿಕೊಂಡವರಲ್ಲಿ ಶೇ. 85ರಷ್ಟು ಮಂದಿಗೆ ವಾಸಿ, ಇನ್ನೊಂದು ಗುಂಪಿನಲ್ಲಿ ಶೇ. 60. ಸುದ್ದಿ ಎಲ್ಲ ಕಡೆ ಹರಡಿತು. ಮನೆಮನೆಯಲ್ಲೂ ಟೇಪ್ ಅಂಟಿಸತೊಡಗಿದರು. ಆದರೆ ಆ ಅಧ್ಯಯನದಲ್ಲಿ ‘ಏನೂ ಮಾಡದ’ ಗುಂಪು ಇರಲಿಲ್ಲ. ತಮಗೆ ಯಾವ ಚಿಕಿತ್ಸೆ ಎಂಬುದೂ ಚಿಕಿತ್ಸೆ ಪಡೆದವರಿಗೆ ಗೊತ್ತಿತ್ತು.

2006ರಲ್ಲಿ ನೆದರ್ಲೆಂಡ್ಸ್‌ನಲ್ಲಿ 103 ಶಾಲಾ ಮಕ್ಕಳ ಮೇಲೆ ಮತ್ತೆ ಪರೀಕ್ಷಿಸಿದರು. ಈ ಸಲ ಹೋಲಿಕೆಗೆ ಇಟ್ಟುಕೊಂಡದ್ದು ಕಾಲಿನ ಆಣಿಗೆ ಅಂಟಿಸುವ, ಉಂಗುರದಂಥ ಪಟ್ಟಿ. ಅದು ನರಹುಲಿಯ ಸುತ್ತ ಕೂರುತ್ತದೆ, ಅದನ್ನು ಮುಟ್ಟುವುದೇ ಇಲ್ಲ. ಆರು ವಾರಗಳ ನಂತರ ಟೇಪ್ ಗುಂಪಿನಲ್ಲಿ ವಾಸಿಯಾದವರು ಶೇ. 16, ಪಟ್ಟಿ ಗುಂಪಿನಲ್ಲಿ ಶೇ. 6. ಇಷ್ಟು ಕಡಿಮೆ ಮಕ್ಕಳಿರುವಾಗ ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದದ್ದು. 2007ರಲ್ಲಿ 90 ವಯಸ್ಕರ ಮೇಲೆ ಇನ್ನೊಂದು ಪರೀಕ್ಷೆ ಆಯಿತು. ಟೇಪ್‌ನಿಂದ ಶೇ. 21, ಟೇಪ್ ಇಲ್ಲದ ಬರೀ ಮೆತ್ತನೆ ಬಟ್ಟೆಪಟ್ಟಿಯಿಂದ ಶೇ. 22. ಆಗ ಬಳಸಿದ ಪಾರದರ್ಶಕ ಟೇಪಿನಲ್ಲಿ ರಬ್ಬರ್ ಅಂಟು ಇರಲಿಲ್ಲ ಎಂಬ ಆಕ್ಷೇಪವೂ ಬಂತು. ಅದು ನ್ಯಾಯವಾದ ಆಕ್ಷೇಪವೇ. ಆದರೂ ಶೇ. 85 ಎಂಬ ಸಂಖ್ಯೆ ಈ ಎರಡು ಪರೀಕ್ಷೆಗಳಲ್ಲೂ ಬರಲಿಲ್ಲ. ಮೊದಲ ಅಧ್ಯಯನದಲ್ಲಿ ವಾಸಿಯಾದ ಮಕ್ಕಳ ತಂದೆತಾಯಿ ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಅವರೂ ನಿಮ್ಮ ಹಾಗೆ ಕಂಡದ್ದನ್ನೇ ಹೇಳಿದರು.

ಇಲ್ಲಿಗೆ ಬಂದಾಗ ಅನೇಕರು ‘ನರಹುಲಿ ತಾನಾಗಿ ಹೋಗುತ್ತದೆ, ಸರಿ. ಆದರೆ ಇಸುಬು ವರ್ಷಗಟ್ಟಲೆ ಇರುವ ಕಾಯಿಲೆ. ಅದು ಕಡಿಮೆಯಾದರೆ ಔಷಧಿಯಿಂದಲೇ ಅಲ್ವಾ?’ ಅನ್ನುತ್ತಾರೆ. ಅಲ್ಲ. ಇಸುಬು, ಅಂದರೆ ಎಕ್ಸಿಮಾ, ಏರುತ್ತಾ ಇಳಿಯುತ್ತಾ ಇರುವ ಕಾಯಿಲೆ. ತುರಿಕೆ ತಡೆಯಲಾಗದೆ ನಿದ್ದೆಗೆಟ್ಟ ವಾರದಲ್ಲೇ ನಾವು ಹೊಸ ಮದ್ದು ಹುಡುಕುವುದು. ತೀರಾ ಕೆಟ್ಟ ವಾರದ ನಂತರ ಬರುವ ವಾರ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಒಳ್ಳೆಯದೇ ಇರುತ್ತದೆ, ಏನು ಹಚ್ಚಿದರೂ, ಹಚ್ಚದಿದ್ದರೂ.

ಈ ಮಾತಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಗಡಸು ನೀರು ಇಸುಬನ್ನು ಹೆಚ್ಚಿಸುತ್ತದೆ, ನೀರನ್ನು ಮೆದು ಮಾಡುವ ಯಂತ್ರ ಹಾಕಿಸಿದರೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅಲ್ಲಿ ತುಂಬಾ ಇತ್ತು. ಗಡಸು ನೀರಿನ ಪ್ರದೇಶಗಳ 336 ಮಕ್ಕಳನ್ನು ಆರಿಸಿದರು. ಎಲ್ಲರಿಗೂ ಸಾಕಷ್ಟು ತೀವ್ರವಾದ ಇಸುಬು ಇತ್ತು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಯಂತ್ರ ಹಾಕಿಸಿದರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಹನ್ನೆರಡು ವಾರಗಳ ನಂತರ ನರ್ಸ್‌ಗಳು ಮಕ್ಕಳ ಚರ್ಮ ಪರೀಕ್ಷಿಸಿದರು. ಯಾರ ಮನೆಯಲ್ಲಿ ಯಂತ್ರ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಯಂತ್ರ ಇದ್ದ ಮಕ್ಕಳ ಇಸುಬು ಶೇ. 20ರಷ್ಟು ಕಡಿಮೆಯಾಗಿತ್ತು. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಯಂತ್ರಕ್ಕೆ ದೊಡ್ಡ ಜಯ. ಆದರೆ ಯಂತ್ರ ಇಲ್ಲದ ಮಕ್ಕಳಲ್ಲಿ ಶೇ. 22ರಷ್ಟು ಕಡಿಮೆಯಾಗಿತ್ತು! ಯಂತ್ರದಿಂದ ಹೆಚ್ಚಿನ ಲಾಭ ಏನೂ ಇರಲಿಲ್ಲ. ಇನ್ನೊಂದು ವಿಷಯ ಕೇಳಿ. ತಂದೆತಾಯಿಯರನ್ನೇ ಕೇಳಿದಾಗ, ಯಂತ್ರ ಇದ್ದ ಮನೆಯವರು ಸ್ವಲ್ಪ ಜಾಸ್ತಿ ಸುಧಾರಣೆ ಕಂಡಿದ್ದೇವೆ ಎಂದರು. ಅಧ್ಯಯನ ಮುಗಿದ ಮೇಲೆ ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಯಂತ್ರವನ್ನು ದುಡ್ಡು ಕೊಟ್ಟು ಇಟ್ಟುಕೊಂಡವು. ಅವರು ದಡ್ಡರಲ್ಲ. ಮಗುವಿನ ನರಳಾಟ ದಿನವೂ ನೋಡುವವರು. ಯಂತ್ರ ಬಂತು, ಮಗು ಸುಧಾರಿಸಿತು. ಅವರು ಕಂಡದ್ದು ಅದನ್ನೇ. ಯಂತ್ರ ಇಲ್ಲದ ಮನೆಯಲ್ಲೂ ಮಗು ಅಷ್ಟೇ ಸುಧಾರಿಸಿದ್ದನ್ನು ಅವರು ನೋಡಲು ಸಾಧ್ಯವಿರಲಿಲ್ಲ. ಅದನ್ನು ನೋಡಲಿಕ್ಕೆಂದೇ ಎರಡನೆಯ ಗುಂಪು ಬೇಕು. ನೀವು ಕೇಳಿದ ‘ಇನ್ನೇನು ಸಂಶೋಧನೆ’ ಅಂದರೆ ಮುಖ್ಯವಾಗಿ ಇದೇ.

ಚರ್ಮದ ಔಷಧಿಗಳಲ್ಲಿ ಇನ್ನೊಂದು ತೊಡಕಿದೆ. ಮಾತ್ರೆಯ ಪರೀಕ್ಷೆಯಲ್ಲಿ ಹೋಲಿಕೆಗೆ ಔಷಧಿಯಿಲ್ಲದ ಮಾತ್ರೆ ಕೊಡುತ್ತಾರೆ. ಅದು ಹೊಟ್ಟೆಗೆ ಹೋಗಿ ಏನೂ ಮಾಡುವುದಿಲ್ಲ. ಮುಲಾಮಿನಲ್ಲಿ ಹಾಗಲ್ಲ. ಔಷಧಿ ತೆಗೆದರೂ ಬೇಸ್ ಉಳಿಯುತ್ತದೆ. ಅದರಲ್ಲಿ ಪೆಟ್ರೋಲಿಯಂ ಜೆಲ್ಲಿಯೋ ಎಣ್ಣೆಯೋ ಇರುತ್ತದೆ. ಅದು ಚರ್ಮದಿಂದ ನೀರು ಆರಿಹೋಗದಂತೆ ತಡೆಯುತ್ತದೆ. ಒಣಗಿ ಬಿರಿದ ಚರ್ಮಕ್ಕೆ ಅದೇ ಅರ್ಧ ಚಿಕಿತ್ಸೆ. ಹಾಗಾಗಿ ಸರಿಯಾದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಔಷಧಿ ಇರುವ ಮುಲಾಮು, ಇನ್ನೊಂದಕ್ಕೆ ಅದೇ ಬಣ್ಣ, ಅದೇ ವಾಸನೆಯ ಬರೀ ಬೇಸ್ ಕೊಡುತ್ತಾರೆ. ಬರೀ ಬೇಸ್ ಹಚ್ಚಿದವರೂ ಎಷ್ಟೋ ಸಲ ಚೆನ್ನಾಗಿಯೇ ಸುಧಾರಿಸುತ್ತಾರೆ. ಹೊಸ ಔಷಧಿ ಅದನ್ನೂ ಮೀರಿಸಬೇಕು. ‘ನಮ್ಮ ಮುಲಾಮಿನಲ್ಲಿ ಅಪರೂಪದ ಬೇರಿನ ಸಾರ ಇದೆ, ಹಚ್ಚಿದ ಮೂರೇ ದಿನಕ್ಕೆ ಒಣಚರ್ಮ ಮಾಯ’ ಎಂದು ಯಾರಾದರೂ ಹೇಳಿದರೆ, ಬೇರಿನ ಸಾರ ಇಲ್ಲದ ಅದೇ ಮುಲಾಮು ಹಚ್ಚಿ ನೋಡಿದ್ದೀರಾ ಎಂದು ಕೇಳಿ.

‘ಒಬ್ಬರಲ್ಲ, ಸಾವಿರಾರು ಜನರಿಗೆ ವಾಸಿಯಾಗಿದೆ’ ಎಂಬ ವಾದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ವಾಸಿಯಾದವರು ಎಲ್ಲರಿಗೂ ಹೇಳುತ್ತಾರೆ. ಆಗದವರು ಟ್ಯೂಬ್ ಎಸೆದು ಬೇರೆ ಮದ್ದಿಗೆ ಹೋಗುತ್ತಾರೆ, ಅವರ ಮಾತು ನಮಗೆ ಕೇಳಿಸುವುದಿಲ್ಲ. ಒಟ್ಟು ಹಚ್ಚಿದವರು ಎಷ್ಟು ಎಂಬುದು ಗೊತ್ತಿಲ್ಲದೆ ವಾಸಿಯಾದವರ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಕೆಮ್ಮಿನದೂ ಇದೇ ಕಥೆ. ನೆಗಡಿಯ ಜೊತೆ ಬರುವ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಎಂದು ಜನ ಅಂದುಕೊಂಡಿರುತ್ತಾರೆ. 2013ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಅದರ ಸರಾಸರಿ ಅವಧಿ ಸುಮಾರು 18 ದಿನ ಎಂದು ಕಂಡಿತು. ಹತ್ತನೆಯ ದಿನ ಗಾಬರಿಯಾಗಿ ಆಂಟಿಬಯಾಟಿಕ್ ಶುರು ಮಾಡಿದರೆ ಹದಿನೆಂಟನೆಯ ದಿನಕ್ಕೆ ‘ಎಂಥಾ ಒಳ್ಳೆ ಮಾತ್ರೆ’ ಅನಿಸುತ್ತದೆ. ವೈರಸ್‌ಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ.

ನನಗೆ ನಿಜವಾಗಿ ಬೇಜಾರಾಗುವುದು ಹುಳುಕಡ್ಡಿಯ ವಿಷಯದಲ್ಲಿ. ನರಹುಲಿಗೆ ಕೆಲಸಕ್ಕೆ ಬಾರದ ಮುಲಾಮು ಹಚ್ಚಿದರೆ ದುಡ್ಡು ದಂಡ, ಅಷ್ಟೇ. ಹುಳುಕಡ್ಡಿಗೆ ಸ್ಟೀರಾಯ್ಡ್ ಸೇರಿದ ಕ್ರೀಮ್ ಹಚ್ಚಿದರೆ ಹಾಗಲ್ಲ. ಹುಳುಕಡ್ಡಿ ಬರುವುದು ಶಿಲೀಂಧ್ರ ಅಂದರೆ ಫಂಗಸ್‌ನಿಂದ. ಸ್ಟೀರಾಯ್ಡ್ ಚರ್ಮದ ಉರಿಯೂತವನ್ನು ತಗ್ಗಿಸುತ್ತದೆ. ಹಾಗಾಗಿ ಒಂದೆರಡು ದಿನದಲ್ಲೇ ಕೆಂಪು, ತುರಿಕೆ ಇಳಿಯುತ್ತದೆ. ಆದರೆ ಫಂಗಸ್ ಸತ್ತಿರುವುದಿಲ್ಲ. ಅದನ್ನು ತಡೆಯುತ್ತಿದ್ದ ದೇಹದ ಹೋರಾಟ ಸಡಿಲವಾಗಿರುತ್ತದೆ. ಕ್ರೀಮ್ ಬಿಟ್ಟ ತಕ್ಷಣ ಮತ್ತೆ ತುರಿಕೆ, ಮತ್ತೆ ಕ್ರೀಮ್. ವೃತ್ತಾಕಾರದ ಅಂಚು ಮಸುಕಾಗಿ, ನೋಡಿದವರಿಗೆ ಹುಳುಕಡ್ಡಿ ಎಂದೇ ಗುರುತು ಸಿಗದಂತಾಗುತ್ತದೆ. ತೊಡೆಸಂದಿಯಿಂದ ಹೊಟ್ಟೆಯವರೆಗೆ ಹರಡಿಸಿಕೊಂಡವರೂ ‘ಆ ಕ್ರೀಮ್ ಮಾತ್ರ ನನಗೆ ಹಿಡಿಸುತ್ತದೆ’ ಅನ್ನುತ್ತಿರುತ್ತಾರೆ. ಆರಾಮ ಸಿಕ್ಕಿದ್ದು ಸುಳ್ಳಲ್ಲ. ಒಳಗೆ ಕಾಯಿಲೆ ಬೆಳೆಯುತ್ತಿರುವುದೂ ಸುಳ್ಳಲ್ಲ.

ಇದನ್ನೆಲ್ಲ ಓದಿ ‘ಹಾಗಾದರೆ ಯಾವ ಮದ್ದೂ ಕೆಲಸ ಮಾಡುವುದಿಲ್ಲ’ ಅಂದುಕೊಳ್ಳಬೇಡಿ. ಇದೇ ಥರದ ಪರೀಕ್ಷೆಗಳಲ್ಲಿ ಗೆದ್ದು ಬಂದ ಔಷಧಿಗಳಿವೆ. ಇಸುಬಿನ ಉರಿಯೂತಕ್ಕೆ ಡಾಕ್ಟರು ಬರೆದುಕೊಡುವ ಸ್ಟೀರಾಯ್ಡ್ ಕ್ರೀಮ್ ಕೆಲಸ ಮಾಡುತ್ತದೆ. ಹುಳುಕಡ್ಡಿ ಇದ್ದವರಿಗೆ ಹಾನಿ ಮಾಡುವ ಸ್ಟೀರಾಯ್ಡ್ ಇಸುಬಿಗೆ ಒಳ್ಳೆಯ ಮದ್ದು. ಅದಕ್ಕೇ ಮೊದಲು ಕಾಯಿಲೆ ಯಾವುದು ಎಂದು ತಿಳಿಯಬೇಕು. ನರಹುಲಿಗೆ ಸ್ಯಾಲಿಸಿಲಿಕ್ ಆಸಿಡ್ ಇದೆ. ಅದರ ಲಾಭ ದೊಡ್ಡದಲ್ಲ, ಆದರೆ ನಿಜವಾದದ್ದು.

ಇನ್ನು, ಯಾರೂ ಸರಿಯಾಗಿ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಎರಡನೆಯ ಗುಂಪು ಬೇಕು ಅಂದೆ. ಮನೆಯಲ್ಲಿ ಒಬ್ಬರೇ ಇರುವಾಗ ಅದು ಸಾಧ್ಯವೇ? ಚರ್ಮದ ಮಟ್ಟಿಗೆ ಕೆಲವು ಸಲ ಸಾಧ್ಯ. ಹೊಟ್ಟೆ ಒಂದೇ, ಎದೆ ಒಂದೇ, ಆದರೆ ಕೈ ಎರಡು. ಚರ್ಮರೋಗದ ಸಂಶೋಧಕರೂ ಒಬ್ಬರದೇ ಎಡಬಲ ಹೋಲಿಸುವ ಪರೀಕ್ಷೆ ಮಾಡುತ್ತಾರೆ. ವಯಸ್ಸು, ಊಟ, ನಿದ್ದೆ, ಹವಾಮಾನ, ಮನಸ್ಸಿನ ಒತ್ತಡ ಎಲ್ಲವೂ ಎರಡೂ ಕೈಗೆ ಒಂದೇ. ವ್ಯತ್ಯಾಸ ಹಚ್ಚಿದ್ದರಲ್ಲಿ ಮಾತ್ರ.

ಆದರೆ ಎಲ್ಲ ಕಾಯಿಲೆಗೂ ಇದು ನಡೆಯದು. ನಿಮ್ಮ ಮಗನ ನರಹುಲಿಗೆ ನಡೆಯುತ್ತಿರಲಿಲ್ಲ. ದೇಹ ಒಂದು ಕಡೆ ವೈರಸ್ಸನ್ನು ಗುರುತಿಸಿದರೆ ಇನ್ನೊಂದು ಕೈಯ ನರಹುಲಿಯೂ ಹೋಗಿಬಿಡಬಹುದು. ಹುಳುಕಡ್ಡಿಗೆ ಮಾಡಲೇಬಾರದು. ಒಂದು ಕಡೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಹರಡುತ್ತದೆ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಒಂದು ಕೈಗೆ ನಿಲ್ಲಿಸಿ ನೋಡುವುದೂ ಬೇಡ. ಬಣ್ಣ ಅಥವಾ ಆಕಾರ ಬದಲಾಗುತ್ತಿರುವ ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ಯಾವ ಪ್ರಯೋಗವೂ ಬೇಡ, ನೇರವಾಗಿ ಡಾಕ್ಟರಿಗೆ ತೋರಿಸಿ.

ಒಣಚರ್ಮಕ್ಕೆ ಎರಡು ಮಾಯಿಶ್ಚರೈಸರ್‌ಗಳಲ್ಲಿ ಯಾವುದು ಒಳ್ಳೆಯದು ಎಂಬಂಥ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಮಾಡಿ. ಎರಡೂ ಕೈ ಹೆಚ್ಚುಕಡಿಮೆ ಒಂದೇ ಥರ ಒಣಗಿರಬೇಕು. ಯಾವ ಕೈಗೆ ಯಾವುದು ಎಂದು ನಾಣ್ಯ ಚಿಮ್ಮಿ ನಿರ್ಧರಿಸಿ. ಇಲ್ಲದಿದ್ದರೆ ದುಬಾರಿಯದನ್ನು ಹೆಚ್ಚು ತುರಿಸುವ ಕೈಗೇ ಹಚ್ಚುತ್ತೀರಿ. ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಯಾವ ಕೈ ಉತ್ತಮವಾಗಿದೆ ಎಂದು ನೀವು ಹೇಳಬೇಡಿ. ಯಾವುದಕ್ಕೆ ಏನು ಹಚ್ಚಿದ್ದೀರಿ ಎಂದು ಗೊತ್ತಿಲ್ಲದವರಿಂದ ಹೇಳಿಸಿ. ಎರಡು ದಿನದಲ್ಲಿ ತೀರ್ಪು ಕೊಡಬೇಡಿ, ಮೂರು ನಾಲ್ಕು ವಾರ ಬಿಡಿ.

ದೊಡ್ಡ ವ್ಯತ್ಯಾಸ ಸಿಗದಿದ್ದರೆ ಆಶ್ಚರ್ಯ ಬೇಡ. 2022ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಇಸುಬು ಇದ್ದ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಗಟ್ಟಿ ಮುಲಾಮು ಹೀಗೆ ನಾಲ್ಕು ಬಗೆ ಹಂಚಿ ನೋಡಿದ್ದರು. ಹದಿನಾರು ವಾರಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲೆನಿಸಲಿಲ್ಲ. ಹಚ್ಚಿದಾಗ ಉರಿಯುವುದು ಮಾತ್ರ ಗಟ್ಟಿ ಮುಲಾಮಿನಲ್ಲಿ ಕಡಿಮೆ ಇತ್ತು. ನಿಮ್ಮ ಎರಡೂ ಕೈ ಒಂದೇ ಥರ ಕಂಡರೆ, ಉರಿಯದೇ ಇರುವುದನ್ನು, ದಿನವೂ ಬೇಸರವಿಲ್ಲದೆ ಹಚ್ಚಿಕೊಳ್ಳಲು ಆಗುವುದನ್ನು ಇಟ್ಟುಕೊಳ್ಳಿ. ಇನ್ನೊಂದನ್ನು ಮತ್ತೆ ಕೊಳ್ಳಬೇಡಿ.